ಆಟವು ಯಾರಿಗಾಗಿ?

ಆಟವು ತರುಣರ ಶೀಲವನ್ನು ಬೆಳೆಸುವದೆಂಬುದು ಬಹುಜನರು ವಿಚಾರಿಸದೆಯೇ ಒಪ್ಪಿಕೊಂಡಿರುವ ಮಾತು. ಶಾಲೆಯ ಬಹುಮಾನ ಸಮಾರಂಭದಲ್ಲಿ ಅಧ್ಯಕ್ಷರು ಅದನ್ನು ಹೇಳುವರು. ಗರಡಿಯ ಉಸ್ತಾದನು ಹೇಳುವನು. ಹೊತ್ತು ಮುಳುಗಿದರೂ ಮಗನು ಬಯಲಿನಿಂದ ಬಾರದಿದ್ದಾಗ ತಂದೆಯೊಬ್ಬನು ಮಾತ್ರ ಸಂದೇಹಪಡುವನು. ಆ ಸಂದೇಹವು ತೀರ ಅಲ್ಲಗಳೆಯತಕ್ಕದ್ದಲ್ಲ. ನವಲಗುಂದ, ಕುಂದಗೋಳಗಳ ಎರೆಯ ಸೀಮೆಯಲ್ಲಿ ಗರಡಿಯ ಮಣ್ಣಿಗೆ ಕೈಮುಗಿದು ಇಳಿದವರೊಳಗೆ ಊರಿಗೆ ಆಸರೆಯಾದ ಪೈಲವಾನರೂ ಉಂಟು, ಮೈಬಲವನ್ನು ಸಾಹುಕಾರನ ವಸೂಲಿಗೆ ಮಾರಿಕೊಂಡವರೂ ಉಂಟು. ಸಾಮು ಒಂದೇ, ಮಣ್ಣು ಒಂದೇ. ಫಲ ಮಾತ್ರ ಎರಡು.

ಹಾಗಾದರೆ ಶೀಲವನ್ನು ಕೊಡುವದು ಬರಿಯ ಆಟವಲ್ಲ, ಆಟದ ಸುತ್ತಲಿನ ಮತ್ತೇನೋ ಒಂದು. ಪಂಪನ ಊರೆಂದು ಹೆಸರಾದ ಅಣ್ಣಿಗೇರಿಯ ಜನಕ್ಕೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ವಿಕ್ರಮಾರ್ಜುನ ವಿಜಯದಲ್ಲಿ ರಾಜಕುಮಾರರ ಶಸ್ತ್ರವಿದ್ಯೆಯನ್ನು ನೋಡಲು ನೆರೆದ ರಂಗಕ್ಕೆ ಕರ್ಣನು ಬಂದಾಗ, ಅವನ ಬಿಲ್ವಿದ್ಯೆಗಿಂತ ಅವನ ಕುಲವೇ ಹಿರಿದಾದ ಪ್ರಶ್ನೆಯಾಯಿತು. ರಂಗವು ಸಮವಾಗಿತ್ತು, ನೋಡುವ ಕಣ್ಣು ಸಮವಾಗಿರಲಿಲ್ಲ.

ಅಮೆರಿಕದ ಪ್ರಾಧ್ಯಾಪಕ ಡಾನ್ ಹೆಲಿಸನ್‌ರು ತಮ್ಮ ವೃತ್ತಿಜೀವನವನ್ನೆಲ್ಲ ಈ ಒಂದು ಪ್ರಶ್ನೆಗಾಗಿ ಸವೆಸಿ 2018ರಲ್ಲಿ ತೀರಿಕೊಂಡರು. ಶಿಕಾಗೋದ ವಿಶ್ವವಿದ್ಯಾಲಯದಲ್ಲಿದ್ದು ಗ್ರಂಥಗಳನ್ನು ಬರೆದವರಾದರೂ, ಬಡ ಓಣಿಗಳ ಹುಡುಗರೊಡನೆ ಅವರು ಕಳೆದ ಆಟದ ಅಂಗಳವೇ ಅವರ ನಿಜವಾದ ಗ್ರಂಥಾಲಯ. ಪರರನ್ನು ಗೌರವಿಸುವದು, ಮನಸಾರೆ ಶ್ರಮಿಸುವದು, ತನ್ನನ್ನು ತಾನೇ ನಡೆಯಿಸಿಕೊಳ್ಳುವದು, ಇನ್ನೊಬ್ಬರಿಗೆ ನೆರವಾಗುವದು, ಇವು ಅವರು ಕಂಡ ಮೊದಲ ನಾಲ್ಕು ಮೆಟ್ಟಿಲುಗಳು. ಐದನೆಯದು, ಇವನ್ನೆಲ್ಲ ಅಂಗಳದ ಹೊರಗೆ, ಮನೆಗೆ ಮತ್ತು ಓಣಿಗೆ ಒಯ್ಯುವದು. ಈ ಐದನೆಯದನ್ನು ಬೇರೆಯಾಗಿ ಎಣಿಸಿದ್ದರಲ್ಲಿಯೇ ಅವರ ವಿಚಾರದ ತಿರುಳಿದೆ: ಅದು ತಾನಾಗಿ ಬರುವದಿಲ್ಲ, ಕಲಿಸಬೇಕು, ಕಲಿಸುವವನಿಗೆ ಚೆಂಡಿಗಿಂತ ಹುಡುಗನು ಹೆಚ್ಚಿನವನಾಗಿರಬೇಕು.

ಚೆಂಡೇ ಹೆಚ್ಚಾದರೆ ಏನಾಗುವದೆಂಬುದನ್ನು ತಿಳಿಯಲು ಶಿಕಾಗೋದವರೆಗೆ ಹೋಗಬೇಕಾದುದಿಲ್ಲ. ಕಲಘಟಗಿಯ ಅಡವಿಯ ಅಂಚಿನಲ್ಲಿಯೂ ಅದರಾಚೆಯ ಹಳಿಯಾಳ, ಯಲ್ಲಾಪುರ, ಮುಂಡಗೋಡಗಳಲ್ಲಿಯೂ ಸಿದ್ದಿಗಳು ನೆಲಸಿದ್ದಾರೆ. ಇವರ ಪೂರ್ವಿಕರು ಆಫ್ರಿಕದಿಂದ ಗುಲಾಮರಾಗಿ ತರಲ್ಪಟ್ಟವರು. ಗೋವೆಯ ಒಡೆಯರ ಕೈಯಿಂದ ತಪ್ಪಿಸಿಕೊಂಡು ಎಷ್ಟೋ ಜನರು ಈ ಅಡವಿಯನ್ನು ಸೇರಿದರು. 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರವು ವಿಶೇಷ ಪ್ರದೇಶ ಕ್ರೀಡಾ ಯೋಜನೆಯನ್ನು ಹಿಡಿದು ಈ ಹಟ್ಟಿಗಳಿಗೆ ಬಂದಿತು. ಆಫ್ರಿಕದವರ ವಂಶವಾದುದರಿಂದ ಓಟವು ಇವರ ರಕ್ತದಲ್ಲಿಯೇ ಇರಬೇಕೆಂಬುದು ಎಣಿಕೆ. (ಓಟಕ್ಕೆ ಹೆಸರಾದ ಕೆನ್ಯಾದ ಎತ್ತರದ ನಾಡೆಲ್ಲಿ, ಇವರ ಪೂರ್ವಿಕರು ಹಡಗನ್ನೇರಿದ ಕಡಲ ತೀರವೆಲ್ಲಿ! ಆಫ್ರಿಕವು ಒಂದೇ ಊರೆಂದು ತಿಳಿದವರ ಲೆಕ್ಕವದು.) ಹುಡುಗ ಹುಡುಗಿಯರನ್ನು ಆರಿಸಿ ಒಯ್ದರು, ಊಟ, ವಸತಿ, ತರಬೇತುಗಳನ್ನು ಕೊಟ್ಟರು. ಪದಕಗಳೂ ಬಂದವು. 1993ರಲ್ಲಿ ಯೋಜನೆಯು ನಿಂತಿತು. ಕೆಲವರಿಗೆ ಕ್ರೀಡೆಯ ಬಲದಿಂದ ಸರಕಾರಿ ನೌಕರಿ ದೊರೆಯಿತು. ಉಳಿದವರು ಹಟ್ಟಿಗೆ, ಕೂಲಿಗೆ ಮರಳಿದರು.

ಇದರಲ್ಲಿ ಅನ್ಯಾಯವೇನು, ಯೋಜನೆಯೇ ಬಾರದಿದ್ದರೆ ಆ ಕೆಲವರಿಗೂ ಏನು ದೊರೆಯುತ್ತಿತ್ತು ಎಂದು ಕೇಳುವವರುಂಟು. ಅವರ ಮಾತಿನಲ್ಲಿ ಸತ್ಯವಿದೆ. ಒಂದು ಮನೆಗೆ ಸಂಬಳ ಬಂದುದನ್ನು ಹಗುರಾಗಿ ಕಾಣುವದು ಉಂಡವರ ಮಾತಾದೀತು. ಆದರೆ ಮಕ್ಕಳನ್ನು ಹಟ್ಟಿಯಿಂದ ಕರೆದೊಯ್ದದ್ದು ಅವರ ಏಳಿಗೆಗಾಗಿಯೋ, ದೇಶದ ಪದಕಗಳ ಎಣಿಕೆಗಾಗಿಯೋ? ಏಳಿಗೆಗಾಗಿ ಎಂದಾದರೆ, ಓಟದಲ್ಲಿ ಹಿಂದೆ ಬಿದ್ದವನಿಗೇ ಹೆಚ್ಚಿನ ಆರೈಕೆ ಬೇಕಾಗಿತ್ತು. ಪದಕಕ್ಕಾಗಿ ಎಂದಾದರೆ, ಅವನು ಹಿಂದೆ ಬಿದ್ದ ದಿನವೇ ಲೆಕ್ಕದಿಂದ ಹೊರಗಾದನು.

ಸಾಧನವಾಗುವದೇ ತಪ್ಪೆಂದು ಇದರ ಅರ್ಥವಲ್ಲ. ಹುಬ್ಬಳ್ಳಿಯ ಡಾ. ನಾ. ಸು. ಹರ್ಡೀಕರರು 1923ರಲ್ಲಿ ಕಟ್ಟಿದ ಹಿಂದುಸ್ಥಾನಿ ಸೇವಾದಳದ ತರುಣರೂ ಕವಾಯತು ಮಾಡಿ ಮೈಯನ್ನು ಇನ್ನೊಂದು ಕಾರ್ಯಕ್ಕೆ ಸಾಧನವಾಗಿ ಮಾಡಿಕೊಂಡವರೇ. ಆದರೆ ಸ್ವಾತಂತ್ರ್ಯವೆಂಬ ಆ ಗುರಿಯನ್ನು ಆರಿಸಿಕೊಂಡವರು ಅವರೇ. 1932ರಲ್ಲಿ ಸರಕಾರವು ದಳವನ್ನು ನಿಷೇಧಿಸಿತು. ಗುರಿಯನ್ನು ಅವರಿಂದ ಕಸಿದುಕೊಳ್ಳಲು ಆಗಲಿಲ್ಲ. ಸಿದ್ದಿಗಳ ಮಕ್ಕಳಿಗೆ ಗುರಿಯೂ ಹೊರಗಿನಿಂದಲೇ ಬಂದಿತ್ತು. ಯೋಜನೆ ಹೋದಾಗ ಅದೂ ಹೋಯಿತು.

ಈಚಿನ ವರ್ಷಗಳಲ್ಲಿ ಮುಂಡಗೋಡದ ಕಡೆಗೆ ಸಿದ್ದಿ ಮಕ್ಕಳಿಗೆ ಓಟವನ್ನು ಕಲಿಸುವ ಕೆಲಸವು ಮತ್ತೆ ನಡೆದಿದೆ. ಕಲಿಯುವವರೆಲ್ಲ 1993ರ ಬಹು ತರುವಾಯ ಹುಟ್ಟಿದವರು. ಅಂದು ಅರ್ಧ ದಾರಿಯಲ್ಲಿ ಮರಳಿದವರು ಈಗ ಅವರ ತಾಯಿತಂದೆಗಳ ವಯಸ್ಸಿನವರು; ಮಗಳು ಬೆಳಗಿನ ಜಾವದಲ್ಲಿ ಓಡಲು ಹೊರಟರೆ ಬಾಗಿಲು ತೆರೆದು ಕಳಿಸಬೇಕೋ ಬೇಡವೋ ಎಂಬುದನ್ನು ಈಗ ಅವರೇ ತೀರ್ಮಾನಿಸಬೇಕಾಗಿದೆ.