ಹಕ್ಕನ್ನು ಬೋಧಿಸುವುದು, ಹಕ್ಕನ್ನು ಕೊಡುವುದು



'ಸ್ತ್ರೀವಾದ' ಎಂಬ ಪದ ಕಿವಿಗೆ ಬಿದ್ದೊಡನೆ ನಮ್ಮಲ್ಲಿ ಅನೇಕರು ಹುಬ್ಬು ಗಂಟಿಕ್ಕುತ್ತಾರೆ. ಅದು ಕುಟುಂಬವನ್ನು ಒಡೆಯಲು ಬಂದ ಪಾಶ್ಚಾತ್ಯ ಸರಕು ಎಂಬುದು ಅವರ ಅಭಿಪ್ರಾಯ. ಅತ್ತ ಸ್ತ್ರೀವಾದಿಗಳಲ್ಲಿ ಕೆಲವರು, ಧರ್ಮನಿಷ್ಠೆಯುಳ್ಳ ಮಹಿಳೆಗೆ ಸ್ವಂತ ವಿವೇಚನೆಯೇ ಇಲ್ಲವೆಂದು ಭಾವಿಸುತ್ತಾರೆ. ವಿವಾಹದ ಪಾವಿತ್ರ್ಯ, ಲಜ್ಜೆ, ಕುಟುಂಬ ಇವುಗಳಲ್ಲಿ ನಂಬಿಕೆಯಿಟ್ಟ ಪ್ರಾಮಾಣಿಕ ವಿಶ್ವಾಸಿ ಇವೆರಡರ ನಡುವೆ ಎಲ್ಲಿ ನಿಲ್ಲಬೇಕು?

ಎಲ್ಲ ವಿಷಯಗಳಲ್ಲೂ ಒಮ್ಮತ ಸಾಧ್ಯವಿಲ್ಲ. ವಿವಾಹಬಾಹಿರ ಸಂಬಂಧವನ್ನು ನಾವು ಸ್ವಾತಂತ್ರ್ಯವೆಂದು ಒಪ್ಪಲಾರೆವು. ಅದನ್ನು ಮುಚ್ಚಿಡಬೇಕಾಗಿಯೂ ಇಲ್ಲ. ಆದರೆ ಮಹಿಳೆಗೆ ಸ್ವಂತ ಮನಸ್ಸಾಕ್ಷಿಯಿದೆ, ಸ್ವಂತ ಸೊತ್ತಿನ ಹಕ್ಕಿದೆ, ಅವಳ ಒಪ್ಪಿಗೆಯಿಲ್ಲದೆ ಅವಳ ಬದುಕನ್ನು ಇತರರು ನಿರ್ಧರಿಸಬಾರದು ಎಂಬ ಮಾತು ನಮಗೆ ಹೊಸದೇ? ಇಷ್ಟವಿಲ್ಲದವನಿಗೆ ತಂದೆ ಮದುವೆ ಮಾಡಿಕೊಟ್ಟಾಗ ಖನ್ಸಾ ಬಿಂತ್ ಖಿದಾಮ್(ರ) ನೇರವಾಗಿ ಪ್ರವಾದಿಯವರ(ಸ) ಬಳಿಗೆ ಬಂದು ದೂರಿಕೊಂಡರು. ಪ್ರವಾದಿವರ್ಯರು(ಸ) ಆ ವಿವಾಹವನ್ನೇ ರದ್ದುಗೊಳಿಸಿದರು.

ಇಂಗ್ಲೆಂಡಿನ ವಿವಾಹಿತ ಮಹಿಳೆಗೆ ಸ್ವಂತ ಸೊತ್ತನ್ನು ಸ್ವತಂತ್ರವಾಗಿ ಹೊಂದುವ ಹಕ್ಕು ದೊರೆತದ್ದು 1882ರ ಕಾನೂನಿನಿಂದ, ಇಸ್ಲಾಮ್ ಅದನ್ನು ಏಳನೆಯ ಶತಮಾನದಲ್ಲೇ ನೀಡಿತ್ತು ಎಂದು ನಾವು ವೇದಿಕೆಗಳಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ಮಾತು ನಿಜ. ಆದರೆ ನಮ್ಮದೇ ದೇಶದ ಹಲವು ಪ್ರದೇಶಗಳಲ್ಲಿ ಮುಸ್ಲಿಮರು ರೂಢಿಯ ಹೆಸರಿನಲ್ಲಿ ಹೆಣ್ಣುಮಕ್ಕಳಿಗೆ ಪಾಲು ನಿರಾಕರಿಸುತ್ತಿದ್ದರು. ಆ ರೂಢಿಯ ಜಾಗಕ್ಕೆ ಶರೀಅತನ್ನು ತರಲು 1937ರಲ್ಲಿ ಕಾಯ್ದೆಯನ್ನೇ ಮಾಡಬೇಕಾಯಿತು. ಅದರಲ್ಲೂ ಕೃಷಿಭೂಮಿಯನ್ನು ಹೊರಗಿಡಲಾಯಿತು!

ಮಗಳ ಪಾಲು ಮಗನ ಪಾಲಿನ ಅರ್ಧವೇಕೆ ಎಂದು ಸ್ತ್ರೀವಾದಿಗಳು ಪ್ರಶ್ನಿಸುತ್ತಾರೆ. ಕುಟುಂಬದ ಖರ್ಚಿನ ಹೊಣೆ ಪುರುಷನದ್ದು, ಮಹ್ರ್ ಕೊಡಬೇಕಾದವನೂ ಅವನೇ ಎಂದು ನಾವು ಉತ್ತರಿಸುತ್ತೇವೆ. ಆದರೆ ವರದಕ್ಷಿಣೆ ಪಡೆದವನಿಗೆ, ಸಹೋದರಿಗೆ ಆ ಅರ್ಧವನ್ನೂ ಕೊಡದವನಿಗೆ ಈ ಉತ್ತರ ಹೇಳುವ ನೈತಿಕ ಅರ್ಹತೆ ಇದೆಯೇ?

ನನ್ನ ಮನೆಯ ವಿಷಯವನ್ನೇ ಹೇಳುತ್ತೇನೆ. ತಂದೆಯವರು ತೀರಿಕೊಂಡ ಬಳಿಕ ಅಕ್ಕ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿದರು. "ನನಗೇನೂ ಬೇಡ, ತವರಿನ ಬಾಗಿಲು ತೆರೆದಿದ್ದರೆ ಸಾಕು" ಎಂದರು. ಅದು ಅವರ ಔದಾರ್ಯವೆಂದೇ ನಾನು ವರ್ಷಗಟ್ಟಲೆ ನಂಬಿದ್ದೆ. ಒಂದು ದಿನ ಮದ್ರಸದಲ್ಲಿ ವಾರೀಸು ಹಕ್ಕಿನ ಪಾಠ ಮಾಡುತ್ತಿದ್ದಾಗ ವಿದ್ಯಾರ್ಥಿನಿಯೊಬ್ಬಳು, "ಉಸ್ತಾದ್, ನಮ್ಮ ಊರಿನಲ್ಲಿ ಯಾರಿಗೆ ಇದು ಸಿಕ್ಕಿದೆ?" ಎಂದು ಕೇಳಿದಳು. ನನ್ನ ಬಳಿ ಹೇಳಲು ಒಂದು ಹೆಸರೂ ಇರಲಿಲ್ಲ. ನಾನೇ ಅಕ್ಕನ ಪಾಲಿರುವ ಮನೆಯಲ್ಲಿ ಮಲಗಿ ಎದ್ದು ಪಾಠಕ್ಕೆ ಬಂದವನಾಗಿದ್ದೆ.

ಬಾಗಿಲು ಮುಚ್ಚೀತೆಂಬ ಭಯದಿಂದ ಬಿಟ್ಟುಕೊಟ್ಟದ್ದು ದಾನವಾಗುವುದೇ? ಲೆಕ್ಕ ಹಾಕಿ, ಅಕ್ಕನ ಮನೆಗೆ ಹೋದೆ. "ಇದು ನಿಮ್ಮದು. ಮೊದಲು ಕೈಗೆ ತೆಗೆದುಕೊಳ್ಳಿ. ಬೇಡವಾದರೆ ಆಮೇಲೆ ಯಾರಿಗೆ ಬೇಕಾದರೂ ಕೊಡಿ" ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಬಳಿಕ "ಕೊಡು" ಎಂದರು. ಅಷ್ಟು ವರ್ಷಗಳ ನನ್ನ ನಂಬಿಕೆ ಸುಳ್ಳೆಂದು ಆಗ ತಿಳಿಯಿತು. ಸಂಬಳದಿಂದ ಕಂತುಗಳಲ್ಲಿ ಕೊಡುತ್ತಿದ್ದೇನೆ. ಇನ್ನೂ ಮುಗಿದಿಲ್ಲ.

ಓದುಗರೇ, ಧರ್ಮದ ಕಟ್ಟುಪಾಡು ಮೊದಲು ನನ್ನನ್ನು ಕಟ್ಟಬೇಕು. ಸೂರಃ ಅನ್ನೂರ್‌ನಲ್ಲಿ ದೃಷ್ಟಿ ತಗ್ಗಿಸಬೇಕೆಂಬ ಆಜ್ಞೆ ಮೊದಲು ಪುರುಷರಿಗೆ, ಅನಂತರವೇ ಸ್ತ್ರೀಯರಿಗೆ ಬಂದಿದೆ. ನಾವಾದರೋ ಸ್ತ್ರೀಯರ ಪಾಲಿನ ಆಜ್ಞೆಗಳನ್ನು ಕಂಠಪಾಠ ಮಾಡಿ, ನಮ್ಮ ಪಾಲಿನವುಗಳನ್ನು ಮರೆತೆವು. ಸಂಪ್ರದಾಯನಿಷ್ಠೆಗೂ ಮಹಿಳೆಯ ಹಕ್ಕಿಗೂ ನಡುವಿನ ಜಗಳದಲ್ಲಿ ಬಹುಪಾಲು ಹುಟ್ಟಿದ್ದು ಈ ಮರೆವಿನಿಂದ. ಉಳಿದ ಭಿನ್ನಾಭಿಪ್ರಾಯವನ್ನು ಸೌಜನ್ಯದಿಂದ ಚರ್ಚಿಸೋಣ. ಅದಕ್ಕೆ ಮುನ್ನ, ನಿಮ್ಮ ಮನೆಯ ಕಾಗದಪತ್ರಗಳನ್ನು ಒಮ್ಮೆ ತೆರೆದು ನೋಡಿ. ಅಲ್ಲಿ ಯಾರ ಸಹಿಯಿದೆ? ಆ ಸಹಿ ಹಾಕುವಾಗ ಅವರ ಮನಸ್ಸಿನಲ್ಲಿ ಏನಿತ್ತೆಂದು ನೀವು ಎಂದಾದರೂ ಕೇಳಿದ್ದೀರಾ?

ಕೊಡಬೇಕಾದುದನ್ನು ಕೊಟ್ಟು ತೀರಿಸುವ ಭಾಗ್ಯವನ್ನು ಅಲ್ಲಾಹನು ನಮಗೆಲ್ಲ ಕರುಣಿಸಲಿ. ಆಮೀನ್.