ಗಾಳಿಗೆ ಬಿಟ್ಟ ಮೈ

ನವಲಗುಂದದ ಹತ್ತಿರದ ಯಮನೂರಿನ ಸುತ್ತಲಿನ ಎರಿ ಹೊಲದಲ್ಲಿ ಮರೆ ಅನ್ನುವುದೇ ಅಪರೂಪ. ಬೆಣ್ಣಿಹಳ್ಳದ ದಂಡೆಯ ಜಾಲಿಗಿಡ ಬಿಟ್ಟರೆ ಹಿಂಗಾರಿನಲ್ಲಿ ಕಣ್ಣು ಹಾಯುವಷ್ಟೂ ಕಡಲಿ, ಜೋಳ, ಕುಸುಬಿ. ಇಂಥ ಬಯಲಲ್ಲಿ ಚಿಗರಿಗೆ, ಅಂದರೆ ಕೃಷ್ಣಮೃಗಕ್ಕೆ, ಕಣ್ಣೇ ದೊಡ್ಡ ಕಾವಲು. ಮೂಗಿನ ಕೆಲಸ ಬೇರೆ. ಗಂಡು ಚಿಗರಿ ಕಣ್ಣ ಬದಿಯ ಗ್ರಂಥಿಯ ಅಂಟನ್ನು ಹುಲ್ಲುಕಡ್ಡಿಗೆ ಒರೆಸುತ್ತದೆ, ಒಂದೇ ಜಾಗದಲ್ಲಿ ಹಿಕ್ಕಿ ಹಾಕುತ್ತದೆ, ಹೀಗೆ ತನ್ನ ಗಡಿ ಸಾರುತ್ತದೆ. ನಾವು ಹೊಲದ ಉತಾರ ತೆಗೆಸಿ ನೋಡುವುದನ್ನು ಅದು ಮೂಸಿಯೇ ತಿಳಿಯುತ್ತದೆ.

ಹಾಗಾದರೆ ಅದರ ಮೂಗಿಗೆ ನಾವು ಏನಾಗಿ ಸಿಗುತ್ತೇವೆ? ಈ ಪ್ರಶ್ನೆ ನನ್ನನ್ನು ಬಿಡುವುದಿಲ್ಲ. ನಮ್ಮ ಚರ್ಮ ನಿಮಿಷಕ್ಕೆ ಸಾವಿರಾರು ಸೂಕ್ಷ್ಮ ಚೂರುಗಳನ್ನು ಉದುರಿಸುತ್ತದೆ. ಬೆವರು, ಜಿಡ್ಡನ್ನು ಮೈಮೇಲಿನ ಸೂಕ್ಷ್ಮಾಣುಗಳು ಒಡೆದಾಗ ಮನುಷ್ಯನ ವಾಸನೆ ಹುಟ್ಟುತ್ತದೆ. ಜಳಕ ಮಾಡಿದರೂ ಅದು ಮತ್ತೆ ಹುಟ್ಟುತ್ತದೆ. ಸಾಬೂನು ಅದರ ಮೇಲೆ ಇನ್ನೊಂದು ವಾಸನೆ ಹೊದಿಸುತ್ತದೆ, ಅಷ್ಟೆ. ಒಬ್ಬರ ವಾಸನೆ ಇನ್ನೊಬ್ಬರದರಂತಿಲ್ಲ, ಪೊಲೀಸ್ ನಾಯಿ ಬದುಕುವುದೇ ಆ ವ್ಯತ್ಯಾಸದ ಮೇಲೆ. ಹೋಳಿ ಆದ ಮೇಲೆ ಯಮನೂರಿನ ಚಾಂಗದೇವರ ಜಾತ್ರೆಗೆ ಬಂದವರು ಚರ್ಮದ ಬೇನೆ ಹೋಗಲೆಂದು ಬೆಣ್ಣಿಹಳ್ಳದಲ್ಲಿ ಮುಳುಗುತ್ತಾರೆ. ಅಷ್ಟು ಜನರ ಮೈಗಾಳಿ, ಊದಿನ ಹೊಗೆ ಎಲ್ಲ ಸೇರಿ ಹೊಲದ ಮೇಲೆ ಹರಿಯುವಾಗ ದೂರದ ಒಂದು ಚಿಗರಿ ಅದರಲ್ಲಿ ಏನೇನು ಬಿಡಿಸಿಕೊಳ್ಳುತ್ತದೋ! ಇಷ್ಟೆಲ್ಲ ಬಿಟ್ಟುಕೊಡುವ ನಮಗೆ ಮಾತ್ರ ನಮ್ಮ ವಾಸನೆ ಗೊತ್ತಾಗುವುದಿಲ್ಲ.

ವಾಸನೆ ನಮ್ಮನ್ನು ಬಿಟ್ಟುಕೊಡುತ್ತದೆ ಎಂಬುದು ಬೇಟೆಯವರಿಗೆ ಮೊದಲೇ ಗೊತ್ತಿತ್ತು. ಗಾಳಿ ತನ್ನ ಮುಖಕ್ಕೆ ಬರುವಂತೆ ನಡೆಯುವುದು ಎಲ್ಲ ನಾಡಿನ ಬೇಟೆಗೂ ಮೊದಲ ಪಾಠ. ನಮ್ಮ ಕಡೆ ಹರಣಶಿಕಾರಿ, ಚಿಗರಿ ಬೇಟೆಗಾರ ಎಂದು ಜನಾಂಗಗಳ ಹೆಸರೇ ಇವೆ. ಮಣ್ಣು, ಗಾಳಿ, ಹೆಜ್ಜೆ ಓದಬಲ್ಲ ಹರಣಶಿಕಾರಿಗಳನ್ನು ಬ್ರಿಟಿಷ್ ಸರ್ಕಾರ ಅಪರಾಧಿ ಬುಡಕಟ್ಟಿನ ಪಟ್ಟಿಗೆ ಸೇರಿಸಿತು. ಆ ಪಟ್ಟಿಯ ಹಿಂದಿನ ಕಾಯ್ದೆ ರದ್ದಾದದ್ದು 1952ರಲ್ಲಿ. ಮಹಾರಾಷ್ಟ್ರದ ಗಾಯ್ ಪಾರ್ಧಿ ಬೇಟೆಗಾರರು ಪಳಗಿಸಿದ ಆಕಳ ಮರೆಯಲ್ಲಿ ಬೇಟೆಯ ಹತ್ತಿರ ಸರಿಯುತ್ತಿದ್ದರು. ಆಕಳು ಕಣ್ಣಿಗಷ್ಟೇ ಅಲ್ಲ, ಮೂಗಿಗೂ ಮರೆಯಾಗಿತ್ತೇನೋ ಎಂದು ನನ್ನ ಗುಮಾನಿ. ವಾಸನೆ ಹಿಡಿಯುವ ಗ್ರಾಹಿಗಳು ಮನುಷ್ಯನಲ್ಲಿ ಸುಮಾರು 400 ಬಗೆ. ಆಕಳಲ್ಲಿ 1,000ಕ್ಕೂ ಹೆಚ್ಚು. ಅಂದರೆ ನಮಗಿಂತ ಎಷ್ಟೋ ಹೆಚ್ಚು ಬಲ್ಲ ಪ್ರಾಣಿಯ ಹಿಂದೆ ನಾವು ಅಡಗಿದ್ದೆವು!

ಈಗ ಆಟ ತಿರುವುಮುರುವು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿರುವ ಚಿಗರಿಯನ್ನು ಕೊಲ್ಲುವುದು ಅಪರಾಧ. ಹಿಂಡು ನುಗ್ಗಿದ ಹೊಲದ ರೈತನ ಸಂಕಟ ಸಣ್ಣದಲ್ಲ, ಅದನ್ನು ಚೆಂದದ ಮಾತಿನಲ್ಲಿ ಮುಚ್ಚಬಾರದು. ಹಂದಿ ಕಾಟವಿರುವ ಕಡೆ ಕೆಲವು ರೈತರು, ಮನುಷ್ಯನ ವಾಸನೆಗೆ ಅವು ದೂರ ಸರಿಯಲೆಂದು, ಕಟಿಂಗ್ ಅಂಗಡಿಯ ಕೂದಲು ತಂದು ಬದುವಿಗೆ ಚೆಲ್ಲುತ್ತಾರೆ. ಬೇಟೆಗಾರ ಬಚ್ಚಿಟ್ಟ ವಾಸನೆಯನ್ನೇ ಬೆಳೆಗಾರ ಬೇಲಿ ಮಾಡಿಕೊಂಡಿದ್ದಾನೆ.

ಚಿಗರಿ ನೋಡುವ ಆಸೆಯಿಂದ ನವಲಗುಂದದ ಕಡೆ ಹೋಗುವವರು ಸೆಂಟು ಹಾಕಿಕೊಳ್ಳಬೇಡಿ. ಗಾಳಿ ನಿಮ್ಮ ಮುಖಕ್ಕೆ ಬರುವ ಕಡೆ, ದಾರಿಯಲ್ಲೇ ನಿಲ್ಲಿ. ಯಾರದೋ ಕಡಲಿ ಸಾಲನ್ನು ಮಾತ್ರ ತುಳಿಯಬೇಡಿ.