ರಾಜಧನವೂ ಶ್ರಾವಕಧರ್ಮವೂ

ಬಸದಿಯ ಜೀರ್ಣೋದ್ಧಾರಕ್ಕೋ ಪೂಜಾ ಮಹೋತ್ಸವಕ್ಕೋ ಸರ್ಕಾರದ ಅನುದಾನ ದೊರೆಯುವ ಸಂದರ್ಭ ಬಂದಾಗ ಟ್ರಸ್ಟಿನ ಸಭೆಯಲ್ಲಿ ಮೊದಲು ಕೇಳಿಬರುವ ಪ್ರಶ್ನೆ ಹಣವೆಷ್ಟು ಎಂಬುದು. ಅದು ಸ್ವೀಕಾರಾರ್ಹವೇ ಎಂಬ ಪ್ರಶ್ನೆ ಅಪರೂಪ. ಕಾನೂನು ಒಪ್ಪಿದ್ದನ್ನು ಧರ್ಮವೂ ಒಪ್ಪುವುದೆಂದು ಭಾವಿಸಲಾಗುತ್ತದೆ. ಆದರೆ ಶ್ರಾವಕನಿಗೆ ಕಾನೂನು ಮೊದಲ ಮೆಟ್ಟಿಲೇ ಹೊರತು ಕೊನೆಯದಲ್ಲ.

ಅಮೆರಿಕದ ಸಂವಿಧಾನಕ್ಕೆ 1791ರಲ್ಲಿ ಸೇರಿದ ಮೊದಲ ತಿದ್ದುಪಡಿಯನ್ನು ಥಾಮಸ್ ಜೆಫರ್ಸನ್ 1802ರಲ್ಲಿ ಚರ್ಚು ಮತ್ತು ರಾಜ್ಯಗಳ ನಡುವಣ ಗೋಡೆಯೆಂದು ಬಣ್ಣಿಸಿದರು. ಭಾರತದ ಸಂವಿಧಾನವು ಅಂತಹ ಗೋಡೆಯನ್ನು ಕಟ್ಟದೆ ಎಲ್ಲೆಗಳನ್ನು ಗುರುತಿಸಿತು. ನಿರ್ದಿಷ್ಟ ಧರ್ಮವೊಂದರ ಪೋಷಣೆಗೆಂದೇ ವಿನಿಯೋಗವಾಗುವ ತೆರಿಗೆಯನ್ನು ಕೊಡುವಂತೆ ಯಾರನ್ನೂ ಬಲವಂತಪಡಿಸಲಾಗದು ಎಂದು 27ನೆಯ ವಿಧಿ ಹೇಳುತ್ತದೆ. ಅಲ್ಪಸಂಖ್ಯಾತರ ಆಡಳಿತದಲ್ಲಿದೆಯೆಂಬ ಕಾರಣಕ್ಕೆ ವಿದ್ಯಾಸಂಸ್ಥೆಗೆ ನೆರವು ನೀಡುವಲ್ಲಿ ಭೇದವೆಣಿಸಲಾಗದು ಎಂದು 30ನೆಯ ವಿಧಿ ಹೇಳುತ್ತದೆ. 2014ರಲ್ಲಿ ಕೇಂದ್ರ ಸರ್ಕಾರವು ಜೈನರನ್ನು ಅಲ್ಪಸಂಖ್ಯಾತ ಸಮುದಾಯವೆಂದು ಅಧಿಸೂಚಿಸಿದ ಮೇಲೆ ಈ ವಿಚಾರ ಸಮಾಜಕ್ಕೆ ಇನ್ನಷ್ಟು ಸಮೀಪವಾಗಿದೆ.

ಜೈನ ಆಚಾರಶಾಸ್ತ್ರದಲ್ಲಿ ಕೊಡದುದನ್ನು ಕೊಳ್ಳುವುದೇ ಅದತ್ತಾದಾನ. ಅದನ್ನು ತ್ಯಜಿಸುವುದೇ ಅಚೌರ್ಯಾಣುವ್ರತ. ದಾನವೆಂದರೆ ಸ್ವಪರ ಹಿತಕ್ಕಾಗಿ ತನ್ನದನ್ನು ತಾನೇ ಬಿಟ್ಟುಕೊಡುವುದು. ತೆರಿಗೆಗೆ ಈ ಲಕ್ಷಣವಿಲ್ಲ. ಅನ್ಯಮತದ ಕೂಲಿಕಾರನೊಬ್ಬ ಬೆಂಕಿಪೊಟ್ಟಣ ಕೊಂಡಾಗ ತೆತ್ತ ತೆರಿಗೆಯನ್ನು ಅವನು ಜಿನಾಭಿಷೇಕಕ್ಕೆಂದು ಕೊಟ್ಟಿರುವುದಿಲ್ಲ. ಅದನ್ನು ಪಡೆಯುವುದು ಕಳವೆಂದು ಯಾವ ನ್ಯಾಯಾಲಯವೂ ಹೇಳದಿರಬಹುದು. ಆದರೂ ಅದು ದಾನವಲ್ಲವೆಂಬುದು ನಿಶ್ಚಿತ. ಅದರಿಂದ ನೆರವೇರಿದ ಪೂಜೆಯಲ್ಲಿ ಶ್ರಾವಕನ ತ್ಯಾಗವೆಲ್ಲಿ?

ಜೈನರೂ ತೆರಿಗೆ ಕೊಡುವವರಲ್ಲವೇ ಎಂಬ ಆಕ್ಷೇಪ ನಿರಾಧಾರವಲ್ಲ. ಅನೇಕಾಂತದೃಷ್ಟಿ ಅದನ್ನೂ ತೂಗಬೇಕು. ಜೈನರು ನಡೆಸುವ ಆಸ್ಪತ್ರೆಗೆ, ಜೈನರದೆಂಬ ಒಂದೇ ಕಾರಣಕ್ಕೆ ನೆರವು ನಿರಾಕರಿಸಿದರೆ ಅನ್ಯಾಯವಾಗುವುದು ರೋಗಿಗೆ. ಇಲ್ಲಿ ಚತುರ್ವಿಧ ದಾನದ ಕ್ರಮವೇ ದಾರಿ ತೋರುತ್ತದೆ. ಆಹಾರ, ಔಷಧ, ಶಾಸ್ತ್ರ, ಅಭಯಗಳಲ್ಲಿ ಹಸಿವು, ರೋಗ, ಭಯಗಳಿಗೆ ಮತಭೇದವಿಲ್ಲ. ಎಲ್ಲರ ಹಣದಿಂದ ಎಲ್ಲರಿಗೂ ಬಾಗಿಲು ತೆರೆದ ಸೇವೆ ನಡೆಯುವುದು ನ್ಯಾಯ. ಶಾಸ್ತ್ರದಾನವೂ ಸರ್ವರ ವಿದ್ಯಾಭ್ಯಾಸವಾದಾಗ ಈ ಸಾಲಿಗೆ ಸೇರುತ್ತದೆ, ಧರ್ಮಬೋಧೆಯಾದಾಗ ಸೇರದು. ಪ್ರಾಚೀನ ಶಿಲ್ಪದ ಸಂರಕ್ಷಣೆಯೂ ನಾಡಿನ ಕಾರ್ಯವೇ. ನಿತ್ಯಪೂಜೆ, ಪಂಚಕಲ್ಯಾಣ, ಮುನಿಗಳ ಆಹಾರದಾನಗಳು ಮಾತ್ರ ಶ್ರಾವಕರ ಸ್ವಂತ ಹೊಣೆ.

ಈ ವಿವೇಕ ಕನ್ನಡನಾಡಿಗೆ ಹೊಸತಲ್ಲ. 1368ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ವಿವಾದವೊದಗಿದಾಗ ಬುಕ್ಕರಾಯನು ಎರಡು ದರ್ಶನಗಳಿಗೂ ಭೇದವಿಲ್ಲವೆಂದು ತೀರ್ಪಿತ್ತುದನ್ನು ಶ್ರವಣಬೆಳಗೊಳದ ಶಾಸನ ಸಾರುತ್ತದೆ. ಬೆಳಗೊಳದ ದೇವರ ರಕ್ಷಣೆಗೆ ಇಪ್ಪತ್ತು ಮಂದಿ ಕಾವಲುಗಾರರು ನಿಯೋಜಿತರಾದರು. ಅದರ ವೆಚ್ಚಕ್ಕೆ ಜೈನರ ಸಮ್ಮತಿಯಿಂದ ಅವರ ಮನೆಮನೆಗೆ ವರ್ಷಕ್ಕೊಂದು ಹಣ ನಿಗದಿಯಾಯಿತು. ಉಳಿದುದು ಜೀರ್ಣ ಜಿನಾಲಯಗಳಿಗೆ ಸಲ್ಲಬೇಕೆಂದಾಯಿತು. ಅಭಯವನ್ನು ಅರಸು ನೀಡಿದನು. ವೆಚ್ಚವನ್ನು ಭವ್ಯರು ಹೊತ್ತರು.

ಇನ್ನೊಂದು ಎಚ್ಚರಿಕೆಯೂ ಅವಶ್ಯ. ಮುಂಬಯಿ ಪ್ರಾಂತದ ಸಾರ್ವಜನಿಕ ನ್ಯಾಸಗಳ ಕಾಯಿದೆಯನ್ನು ಜೈನ ದೇವಾಲಯದ ವ್ಯವಸ್ಥಾಪಕರೊಬ್ಬರು ಪ್ರಶ್ನಿಸಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಧಾರ್ಮಿಕ ನ್ಯಾಸದ ಹಣವನ್ನು ಅನ್ಯ ಉದ್ದೇಶಕ್ಕೆ ತಿರುಗಿಸಲು ಅವಕಾಶವೀಯುವ ಉಪಬಂಧಗಳನ್ನು 1954ರಲ್ಲಿ ಅಸಿಂಧುಗೊಳಿಸಿತು. ಸ್ವಂತ ಹಣದ ಸ್ವಾತಂತ್ರ್ಯಕ್ಕೇ ಇಷ್ಟು ಹೋರಾಟ ಬೇಕಾಯಿತೆಂದ ಮೇಲೆ, ಸರ್ಕಾರದ ಹಣ ಪಡೆದವರು ಲೆಕ್ಕ ಕೇಳುವ ಕೈಯನ್ನು ತಡೆಯುವುದೆಂತು? ತಡೆಯುವುದು ನ್ಯಾಯವೂ ಅಲ್ಲ.

ಆದುದರಿಂದ ಅರ್ಜಿಗೆ ಸಹಿ ಹಾಕುವ ಮುನ್ನ ಧರ್ಮದರ್ಶಿಗಳು ಒಂದು ಮಾತನ್ನು ಆಲೋಚಿಸುವುದು ಒಳಿತು: ಈ ಹಣದ ಫಲವನ್ನು ಅದನ್ನು ತೆತ್ತ ಯಾರಾದರೂ ಬಂದು ಸಂಕೋಚವಿಲ್ಲದೆ ಪಡೆಯಬಲ್ಲರೇ? ಹೌದೆಂದಾದರೆ ಸ್ವೀಕರಿಸಲಿ. ಅಲ್ಲವೆಂದಾದರೆ ಉತ್ಸವ ಕಿರಿದಾದರೂ ಚಿಂತೆಯಿಲ್ಲ. ಸ್ವಾರ್ಜಿತದಿಂದ ಬೆಳಗಿದ ಒಂದು ಹಣತೆ ಸಾಕು.